ಹಿಂದಿನ ಕೋಣೆಯ ಹೆಲಿಕಾಪ್ಟರ್

ಮಾರ್ಚ್ 3

ಪೆಡಲ್ ಮಾಡಿ ಕಳಿಸುವವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಮ್ಮ ಮನೆಗೆ ಬಂದ ಪೆಟ್ಟಿಗೆಯ ಮೇಲೆ ನಿಮ್ಮ ವಿಳಾಸದ ಚೀಟಿ ಇತ್ತು. ಯಜಮಾನರು ಪೆಟ್ಟಿಗೆ ಎಸೆಯಲು ಕೊಟ್ಟಾಗ ಚೀಟಿಯನ್ನು ಕಿತ್ತು ಇಟ್ಟುಕೊಂಡಿದ್ದೆ. ನಾನು ಹೆಚ್ಚು ಓದಿದವಳಲ್ಲ, ಹಳ್ಳಿ ಶಾಲೆಯ ಅಕ್ಷರ ನನ್ನದು. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ನೇರವಾಗಿ ಕೇಳುತ್ತೇನೆ. ನನ್ನ ಯಜಮಾನರಿಗೆ ನೀವು ಏನು ಅಂಟಿಸಿದ್ದೀರಿ?

ಅವರು ನಿಜವಾದ ಹೆಲಿಕಾಪ್ಟರ್ ಹಾರಿಸುವವರು. ಆಸ್ಪತ್ರೆಯ ಹೆಲಿಕಾಪ್ಟರ್. ದೂರದಲ್ಲಿ ಯಾರಾದರೂ ಬಿದ್ದು ಏಟು ಮಾಡಿಕೊಂಡರೆ, ಹೆರಿಗೆ ಕಷ್ಟವಾದರೆ, ಇವರು ಒಬ್ಬ ನರ್ಸನ್ನು ಕೂರಿಸಿಕೊಂಡು ಹೋಗಿ ಕರೆತರುತ್ತಾರೆ. ಇಷ್ಟು ವರ್ಷ ಕೆಲಸವನ್ನು ಗೇಟಿನ ಆಚೆಯೇ ಬಿಟ್ಟು ಒಳಗೆ ಬರುತ್ತಿದ್ದ ಮನುಷ್ಯ. ಈಗ ಬಟ್ಟೆ ಒಣಹಾಕುವ ಹಿಂದಿನ ಕೋಣೆಯಲ್ಲಿ ಗುಜರಿ ಕಾರಿನ ಸೀಟು ತಂದು ಕೂರಿಸಿದ್ದಾರೆ. ಎದುರಿಗೆ ದೊಡ್ಡ ಪರದೆ, ಮಂಡಿಗಳ ನಡುವೆ ಒಂದು ಕೋಲು, ಎಡಗೈ ಹತ್ತಿರ ಮೇಲೆತ್ತುವ ಹಿಡಿಕೆ, ಕೆಳಗೆ ನೀವು ಕಳಿಸಿದ ಪೆಡಲುಗಳು. ಊಟವಾದ ಮೇಲೆ ಬಾಗಿಲು ಹಾಕಿಕೊಂಡರೆ ಕರೆದರೂ ಓಗೊಡುವುದಿಲ್ಲ. ಅಡುಗೆಮನೆಯ ಪಾತ್ರೆಗಳು ಗಡಗಡ ಎನ್ನುತ್ತವೆ. ನಮ್ಮ ಅತ್ತೆಯವರಿಗೆ ಕಿವಿ ಮಂದ, ಅವರಿಗೂ ಕೇಳಿಸಿ, “ಯಾರೇ ಅದು, ನಮ್ಮ ತಾರಸಿ ಮೇಲೆ ಇಳೀತಿರೋದು?” ಎನ್ನುತ್ತಾರೆ.

ಬಸ್ಸು ಓಡಿಸುವವನು ಮನೆಗೆ ಬಂದು ಮಕ್ಕಳ ಬಸ್ಸು ತಳ್ಳುತ್ತಾ ಕೂತರೆ ಅವನ ಹೆಂಡತಿ ಏನೆಂದು ತಿಳಿಯಬೇಕು? ಕೇಳಿದರೆ, “ನಿನಗೆ ಅರ್ಥ ಆಗಲ್ಲ, ಬಿಡು” ಎನ್ನುತ್ತಾರೆ. ಅರ್ಥವಾಗದ್ದು ಏನೋ ಇದೆ ಎಂದಾಯಿತಲ್ಲ. ಫೋನಿನಲ್ಲಿ ನಿಮ್ಮ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ. “ಇನ್ನೂ ಸ್ವಲ್ಪ ಮೆತ್ತಗೆ ಮಾಡಿ, ಯಾರಿಗೂ ಗೊತ್ತಾಗಲ್ಲ” ಎಂದದ್ದನ್ನು ನನ್ನ ಕಿವಿಯಾರೆ ಕೇಳಿದೆ. ಏನನ್ನು ಮೆತ್ತಗೆ ಮಾಡುವುದು? ಯಾರಿಗೆ ಗೊತ್ತಾಗಬಾರದು?

ದೇವರಿಗೆ ಹೆದರುವವರಾದರೆ ನಿಜ ಬರೆಯಿರಿ. ಮನೆಗೆ ಕಳಿಸಬೇಡಿ. ಕೆಳಗೆ ನನ್ನ ಹೊಲಿಗೆ ಅಂಗಡಿಯ ವಿಳಾಸ ಕೊಟ್ಟಿದ್ದೇನೆ.

ಇಂತಿ,
ಪೈಲಟ್ ಸಾಹೇಬರ ಹೆಂಡತಿ


ಮಾರ್ಚ್ 12

ಅಕ್ಕಾ, ನಮಸ್ಕಾರ.

ನಿಮ್ಮ ಕಾಗದ ಓದಿ ಮೊದಲು ಬೆವರಿದೆ, ಆಮೇಲೆ ನಕ್ಕೆ. ಕ್ಷಮಿಸಿ. ನಾನು ಕಳ್ಳನೂ ಅಲ್ಲ, ಜೂಜಾಡಿಸುವವನೂ ಅಲ್ಲ. ಬೀಗದ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಚಿಕ್ಕಮ್ಮನ ಜೊತೆ ಇದ್ದುಕೊಂಡು ಹೆಲಿಕಾಪ್ಟರ್ ಮಾಡುವವನು. ನಮ್ಮ ಚಿಕ್ಕಮ್ಮ ಹೆಣ್ಣು ಕೇಳಲು ಹೋದಲ್ಲೆಲ್ಲ ಹೀಗೇ ಹೇಳಿ ಬರುತ್ತಾಳೆ, ಅದಕ್ಕೇ ಯಾರೂ ಹೆಣ್ಣು ಕೊಟ್ಟಿಲ್ಲ.

ಬಿಡಿಸಿ ಹೇಳುತ್ತೇನೆ. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಪ್ರೋಗ್ರಾಂ ಇರುತ್ತದೆ. ಅದರಲ್ಲಿ ಬರುವ ಹೆಲಿಕಾಪ್ಟರ್ ಬರೀ ಹೆಸರಿಗೆ. ತಿಳಿದವರು ಅದರ ಮೇಲೆ ಬೇರೆಯದನ್ನು ತಂದು ಸೇರಿಸಿಕೊಳ್ಳುತ್ತಾರೆ, ಆಡ್-ಆನ್ ಅಂತ. ನಾನು ಮಾಡುವುದು ಅದನ್ನೇ. ನಿಜವಾದ ಯಂತ್ರ ಗಾಳಿಗೆ ಹೇಗೆ ಅಲುಗುತ್ತದೆಯೋ, ಹಿಡಿಕೆ ಎತ್ತಿದಾಗ ಮೂಗು ಎಷ್ಟು ತಿರುಗುತ್ತದೆಯೋ, ಹಾಗೇ ನನ್ನದೂ ಮಾಡಬೇಕು. ಅದಕ್ಕೆ ಸರಿಯಾದ ಪೆಡಲನ್ನೂ ನಾನೇ ಮಾಡುತ್ತೇನೆ.

ಕ್ಯಾಪ್ಟನ್ ಸಾಹೇಬರು ಹಾರಿಸುವ ಜಾತಿಯ ಹೆಲಿಕಾಪ್ಟರನ್ನೇ ನಾನು ಮಾಡಿದ್ದು. ಅಂಥವರು ಕೊಂಡದ್ದು ನನ್ನ ಅದೃಷ್ಟ. ಮೊದಲ ವಾರವೇ ಫೋನ್ ಮಾಡಿ, “ನಿಮ್ಮದು ಮೇಲೇಳುವಾಗ ಮೂಗು ಬಲಕ್ಕೆ ಅತಿಯಾಗಿ ತಿರುಗುತ್ತೆ, ಎಡ ಪೆಡಲ್ ಒತ್ತಿದರೂ ತಡೆಯಲ್ಲ” ಎಂದರು. ನಾನು ಪುಸ್ತಕ ನೋಡಿ, ವಿಡಿಯೋ ನೋಡಿ ಮಾಡಿದವನು. ಅವರು ವರ್ಷಗಟ್ಟಲೆ ಅದರಲ್ಲೇ ಕೂತವರು. ಅವರು ಹೇಳಿದ ಮೇಲೆ ನಾನು ಎದುರು ಮಾತಾಡಲೇ? ಮೂಗು ತಿರುಗುವುದನ್ನು ಮೆತ್ತಗೆ ಮಾಡಿದೆ. ಸಾಲದು ಎಂದರು, ಇನ್ನೂ ಮಾಡಿದೆ. “ಈಗ ಸರಿಯಾಯ್ತು ನೋಡಿ” ಎಂದರು. ಅವರು ಹೇಳಿದ ಆ ಮೆತ್ತಗೆ ಇದೇ. ಯಾರಿಗೂ ಗೊತ್ತಾಗುವುದಿಲ್ಲ ಎಂದದ್ದು, ಹಳೆಯದನ್ನು ಕೊಂಡವರು ಜಗಳಕ್ಕೆ ಬರಬಾರದು ಅಂತ.

ಈಗ ನನ್ನ ಪೆಟ್ಟಿಗೆಗಳ ಮೇಲೆ ‘ನಿಜವಾದ ಪೈಲಟ್ ಪರೀಕ್ಷಿಸಿದ್ದು’ ಎಂದು ಅಚ್ಚು ಹಾಕಿಸಿದ್ದೇನೆ. ಅವರು ನನಗೆ ಗುರು. ನೀವು ನಿಶ್ಚಿಂತೆಯಾಗಿರಿ.

ನಿಮ್ಮ ತಮ್ಮನಂಥವನು


ಮಾರ್ಚ್ 20

ಪೆಡಲ್ ಮಾಡುವವರೇ,

ಮುಖ ನೋಡದವರನ್ನು ಅಕ್ಕ ಎಂದು ಕರೆಯಬೇಡಿ. ಅಂಗಡಿಗೆ ಬಂದು ಅಕ್ಕ ಅಕ್ಕ ಎನ್ನುವವರೇ ಬಟ್ಟೆ ಇವತ್ತೇ ಬೇಕು ಎಂದು ಪೀಡಿಸುವುದು.

ನೀವು ಬರೆದದ್ದನ್ನು ಎರಡು ಸಲ ಓದಿದೆ. ಹೆಲಿಕಾಪ್ಟರಿನ ವಿಷಯ ತಿಳಿಯಿತು. ಗಂಡನ ವಿಷಯ ತಿಳಿಯಲಿಲ್ಲ. ನೀವು ಅದನ್ನು ಮೆತ್ತಗೆ ಮಾಡಿದ ದಿನ ಇರಬೇಕು, ಒಂದು ಸಂಜೆ ಕೋಣೆಯಿಂದ ನಗುತ್ತಾ ಬಂದರು. ತಟ್ಟೆಯಲ್ಲಿ ಒಂದಗುಳು ಬಿಡದೆ ಉಂಡರು. “ಒಂದು ಅನುಮಾನ ಇತ್ತು ಕಣೇ, ಹೋಯ್ತು” ಎಂದರು. ಯಾವ ಅನುಮಾನ ಎಂದರೆ, “ಹೋಯ್ತಲ್ಲ, ಈಗ್ಯಾಕೆ?” ಅಂದರು. ನನ್ನ ಮೇಲಿನ ಅನುಮಾನವೋ? ಬೇರೆ ಯಾರದೋ? ಅವರ ಅನುಮಾನ ಹೋಗಿ ನನಗೆ ಅಂಟಿಕೊಂಡಿದೆ.

ಸಿಡುಕು ಮಾತ್ರ ಹೋಗಿಲ್ಲ. ಎಲ್ಲದರ ಮೇಲೂ ತಪ್ಪು ಹೊರಿಸುತ್ತಾರೆ. ಚಪ್ಪಲಿ ಸರಿಯಿಲ್ಲ, ಎಡಗಾಲಿಂದ ಜಾರಿ ಜಾರಿ ಹೋಗುತ್ತದೆ ಎಂದು ಗೊಣಗಿದರು. ಹಿಮ್ಮಡಿಗೆ ಎಲಾಸ್ಟಿಕ್ ಪಟ್ಟಿ ಹೊಲಿದುಕೊಟ್ಟೆ. ಬಚ್ಚಲ ಬಾಗಿಲ ಕಾಲೊರಸು ದಪ್ಪವಾಯಿತು, ಬೆರಳು ಸಿಕ್ಕಿಕೊಳ್ಳುತ್ತದೆ ಎಂದರು. ತೆಗೆದು ತೆಳ್ಳಗಿನದು ಹಾಕಿದೆ. ಪ್ಯಾಂಟಿನ ಎಡಗಾಲು ಉದ್ದವಾಗಿದೆ, ನೆಲಕ್ಕೆ ತಾಗುತ್ತದೆ ಎಂದರು. ನಾನೇ ಅಳೆದು ಹೊಲಿದ ಪ್ಯಾಂಟು, ಎರಡೂ ಕಾಲು ಒಂದೇ ಅಳತೆ. ಆದರೂ ಮಡಚಿ ಹೊಲಿದೆ. ಅತ್ತೆ ಹೇಳುತ್ತಾರೆ, “ನನ್ನ ಮಗ ಚಿಕ್ಕೋನಿದ್ದಾಗಿಂದ ಆಕಾಶ ನೋಡ್ಕೊಂಡೇ ನಡಿಯೋನು, ಎಡವದೆ ಇರ್ತಾನಾ?”

ನನಗನ್ನಿಸುವುದು ಬೇರೆ. ಮನಸ್ಸು ಎಲ್ಲೋ ಇದ್ದವನಿಗೆ ಕಾಲು ಎಲ್ಲಿ ಬೀಳುತ್ತದೆ ತಿಳಿಯುವುದಿಲ್ಲ. ಆ ಮನಸ್ಸು ಎಲ್ಲಿದೆ ಎಂದು ನಿಮಗೆ ಗೊತ್ತಿದ್ದು ಮುಚ್ಚಿಡುತ್ತಿದ್ದರೆ, ದೇವರು ನೋಡುತ್ತಿದ್ದಾನೆ.

ಪೈಲಟ್ ಸಾಹೇಬರ ಹೆಂಡತಿ


ಏಪ್ರಿಲ್ 2

ಅಮ್ಮಾ,

ಒಂದೇ ಪ್ರಶ್ನೆ. ಚಪ್ಪಲಿ ಜಾರುವುದು, ಎಡವುವುದು, ಎಲ್ಲ ಎಡಗಾಲಿನದೇನಾ? ಯಾವಾಗಿನಿಂದ? ನಾನು ಕೇಳಿದೆ ಎಂದು ಅವರಿಗೆ ಹೇಳಬೇಡಿ. ಬೇಗ ಬರೆಯಿರಿ.


ಏಪ್ರಿಲ್ 7

ಪೆಡಲ್ ಮಾಡುವವರೇ,

ಇದೇನು ಕಾಗದ? ಕ್ಷೇಮವಿಲ್ಲ, ಸಮಾಚಾರವಿಲ್ಲ. ಹಿಂದಿನ ಸಲ ಅಷ್ಟು ಹರಟಿದವರು ಈ ಸಲ ಪೊಲೀಸಿನವರಂತೆ ಕೇಳುತ್ತೀರಿ. ನನ್ನ ಗಂಡನ ಕಾಲು ಕಟ್ಟಿಕೊಂಡು ನಿಮಗೇನು? ಯಾರಿಗೂ ಗೊತ್ತಾಗಲ್ಲ ಎಂದು ಅವರು ನಿಮಗೆ ಹೇಳುವುದು, ಅವರಿಗೆ ಹೇಳಬೇಡಿ ಎಂದು ನೀವು ನನಗೆ ಹೇಳುವುದು. ನನ್ನ ಮನೆಯೊಳಗೆ ಎಷ್ಟು ಗುಟ್ಟು?

ಕೇಳಿದ್ದೀರಿ ಎಂದು ಹೇಳುತ್ತೇನೆ. ಎಡಗಾಲೇ. ಸ್ವೆಟರ್ ತೆಗೆದಿಡುವುದಕ್ಕೆ ಮುಂಚೆ, ಚಳಿ ಇದ್ದಾಗಿನಿಂದ. ಅದಕ್ಕೆ ಮೊದಲು ಬೆನ್ನು ನೋವು ಎಂದು ಕೆಲವು ದಿನ ನೆಲದ ಮೇಲೆ ಮಲಗಿದ್ದರು. ನೋವು ತಾನಾಗಿ ಹೋಯಿತು.

ಈಗ ನೀವು ಉತ್ತರ ಕೊಡಿ. ಯಾಕೆ ಕೇಳಿದಿರಿ?


ಏಪ್ರಿಲ್ 29

ಪೆಡಲ್ ಮಾಡುವವರೇ,

ಕಾದು ಕಾದು ಮತ್ತೆ ಬರೆಯುತ್ತಿದ್ದೇನೆ. ನನ್ನ ಕಾಗದ ನಿಮಗೆ ತಲುಪಿದೆ ಎಂದು ನನಗೆ ಖಾತ್ರಿ. ಯಾಕೆಂದರೆ ನೀವು ಅವರ ಫೋನನ್ನೂ ಎತ್ತುತ್ತಿಲ್ಲವಂತೆ. “ಆ ಹುಡುಗನಿಗೆ ಏನಾಯ್ತೋ, ದೊಡ್ಡ ಮನುಷ್ಯ ಆಗ್ಬಿಟ್ಟ” ಎಂದು ಊಟಕ್ಕೆ ಕೂತಾಗ ಅಂದರು. ನಾನು ಸಾರು ಬಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

ಮುಂಚೆ ನನಗೆ ಅವರ ಮೇಲೆ ಅನುಮಾನ ಇತ್ತು. ಈಗ ನಿಮ್ಮ ಮೇಲೆ. ನಿಮಗೆ ಏನೋ ತಿಳಿದಿದೆ, ಹೇಳಿದರೆ ನಿಮಗೆ ನಷ್ಟ, ಅದಕ್ಕೆ ಬಾಯಿಗೆ ಬೀಗ ಹಾಕಿಕೊಂಡಿದ್ದೀರಿ. ಕೆಳಗೆ ಬೀಗದ ಅಂಗಡಿಯೇ ಇದೆಯಲ್ಲ.

ನಿನ್ನೆ ಅವರ ಜೊತೆ ಹಾರುವ ನರ್ಸು ಯೂನಿಫಾರಮ್ಮಿನ ಸೊಂಟ ಬಿಡಿಸಿಕೊಳ್ಳಲು ಬಂದಿದ್ದಳು. ದಪ್ಪಗಾಗಿದ್ದಾಳೆ, ನಗುನಗುತ್ತಾ ಮಾತಾಡುವ ಹೆಣ್ಣು. “ಆಂಟೀ, ಸಾಹೇಬ್ರು ಈಚೆಗೆ ಇಳಿಸೋವಾಗ ಒಂದು ಅರ್ಧ ಸುತ್ತು ತಿರುಗಿಸಿ ಇಳಿಸ್ತಾರೆ. ತೊಟ್ಟಿಲು ತೂಗಿದ ಹಾಗೆ. ಏನ್ ಸಾರ್ ಇದು ಅಂದ್ರೆ, ನಿನಗೆ ಊರು ತೋರಿಸ್ತಿದ್ದೀನಿ ಅಂತಾರೆ” ಎಂದಳು. ನಾನು ಟೇಪು ಹಿಡಿದವಳು ಹಾಗೇ ನಿಂತೆ. ಮೂಗು ತಿರುಗುತ್ತದೆ ಎಂದು ನೀವು ಬರೆದಿದ್ದಿರಿ. ಅದು ನಿಮ್ಮ ಸುಳ್ಳು ಹೆಲಿಕಾಪ್ಟರಿನ ತಪ್ಪು ಎಂದು ಬರೆದಿದ್ದಿರಿ. ನಿಜದ್ದೂ ತಿರುಗುತ್ತದಲ್ಲ?

ದೇವರ ಮುಂದೆ ಕೂತರೂ ಅದೇ ಎದ್ದು ಬರುತ್ತದೆ. ಉತ್ತರ ಬರದಿದ್ದರೆ ನಾನೇ ಬಸ್ಸು ಹತ್ತಿ ಬರುತ್ತೇನೆ. ನಿಮ್ಮ ಚಿಕ್ಕಮ್ಮನ ಹತ್ತಿರ ಮಾತಾಡುತ್ತೇನೆ.


ಮೇ 6

ಅಕ್ಕಾ,

ಬೈದರೂ ಅಕ್ಕ ಎಂದೇ ಕರೆಯುತ್ತೇನೆ. ನಿಮ್ಮ ಏಪ್ರಿಲ್ ಏಳರ ಕಾಗದ ತಲುಪಿತ್ತು. ದಿಂಬಿನ ಕೆಳಗಿಟ್ಟುಕೊಂಡು ಸುಮ್ಮನಿದ್ದೆ.

ನಾನು ಮೂಗು ತಿರುಗುವುದನ್ನು ಮೆತ್ತಗೆ ಮಾಡಿದ ಮೇಲೆ ಬೇರೆ ಕೊಂಡವರಿಂದ ದೂರು ಬರತೊಡಗಿತು. ಅವರಲ್ಲಿ ಇಬ್ಬರು ಅದೇ ಜಾತಿಯ ಹೆಲಿಕಾಪ್ಟರ್ ಹಾರಿಸುವವರು. ಒಬ್ಬರು, “ಮೊದಲು ನಿಜದ ಹಾಗೇ ಇತ್ತಲ್ಲಯ್ಯಾ, ಯಾಕೆ ಕೆಡಿಸಿದೆ? ಈಗ ಎಡಗಾಲೇ ಬೇಡ ಇದಕ್ಕೆ” ಎಂದು ಬೈದರು. ನಾನು ಅವರಿಗೆ ತಿರುಗಿ ಬೈದೆ. ನನ್ನ ಕ್ಯಾಪ್ಟನ್ ಹೇಳಿದ್ದು ತಪ್ಪಾಗಲು ಸಾಧ್ಯವೇ ಇಲ್ಲ ಅಂತ. ಆಗಲೇ ನಿಮ್ಮ ಚಪ್ಪಲಿಯ ಕಾಗದ ಬಂದದ್ದು.

ಹಿಡಿಕೆ ಎತ್ತಿದಾಗ, ನೆಲಕ್ಕಿಳಿಯುವ ಮುಂಚೆ ವೇಗ ತಡೆಯಲು ಎತ್ತಿದಾಗಲೂ, ಈ ಹೆಲಿಕಾಪ್ಟರಿನ ಮೂಗು ಬಲಕ್ಕೆ ತಿರುಗಿಯೇ ತಿರುಗುತ್ತದೆ. ಅದನ್ನು ತಡೆಯಬೇಕಾದದ್ದು ಎಡಗಾಲು. ಕೈ ಎತ್ತಿದ ಹಾಗೇ ಕಾಲು ಒತ್ತಬೇಕು, ಯೋಚಿಸದೆ. ಅವರ ಕಾಲು ತಡವಾಗಿ ಒತ್ತುತ್ತಿದೆ, ಇಲ್ಲವೇ ಒತ್ತಿದೆ ಎಂದು ಅವರು ತಿಳಿದಷ್ಟು ಒತ್ತುತ್ತಿಲ್ಲ. ನನ್ನ ಹೆಲಿಕಾಪ್ಟರ್ ಸರಿಯಾಗಿತ್ತು ಅಕ್ಕಾ. ನೀವು ಪ್ಯಾಂಟನ್ನು ಕಾಲಿಗೆ ಮಡಚಿದ ಹಾಗೆ ನಾನು ಹೆಲಿಕಾಪ್ಟರನ್ನು ಅವರ ಕಾಲಿಗೆ ಮಡಚಿಬಿಟ್ಟೆ.

ನಾನು ಡಾಕ್ಟರಲ್ಲ. ತಪ್ಪು ತಿಳಿದಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ನಿಜವೆಂದರೆ, ಪೆಟ್ಟಿಗೆಯ ಮೇಲಿನ ಆ ಸಾಲು ನೋಡಿ ಕೊಳ್ಳುವವರು ಬರುತ್ತಿದ್ದರು. ಪರೀಕ್ಷಿಸಿದ ಪೈಲಟ್ಟಿನ ಕಾಲೇ ಸರಿಯಿಲ್ಲ ಎಂದರೆ ನನ್ನ ಗತಿ ಏನು? ಅದಕ್ಕೆ ಫೋನ್ ಎತ್ತಲಿಲ್ಲ. ನಿಮ್ಮ ಊಹೆ ಸರಿ. ನರ್ಸಿನ ಮಾತು ಓದಿದ ಮೇಲೆ ಅನ್ನ ಸೇರಲಿಲ್ಲ.

ಒಂದು ಉಪಾಯವಿದೆ. ಹಳೆಯದನ್ನೇ ‘ಹೊಸತು’ ಎಂದು ಹೇಳಿ ಅವರಿಗೆ ಕಳಿಸುತ್ತೇನೆ. ಗೊತ್ತಿಲ್ಲದೆ ಹಾರಿಸುತ್ತಾರೆ, ತಾವೇ ತಿಳಿದುಕೊಳ್ಳುತ್ತಾರೆ. ಇಲ್ಲದಿದ್ದರೂ ಹಳೆಯದು ಅವರ ಕಂಪ್ಯೂಟರಿನಲ್ಲೇ ಇದೆ. ಶುರುವಾಗುವಾಗ ಬರುವ ಪಟ್ಟಿಯಲ್ಲಿ ಎರಡನೆಯದು. ನೀವು ಹೇಳಿದ ಹಾಗೆ ಮಾಡುತ್ತೇನೆ.

ತಮ್ಮ


ಮೇ 13

ತಮ್ಮಾ,

ಉಪಾಯ ಬೇಡ. ನೀನು ಅವರಿಗೆ ತಿಳಿಯದ ಹಾಗೆ ಸರಿಮಾಡಲು ಹೊರಟಿದ್ದೀಯ, ಕೆಟ್ಟದ್ದೂ ಹಾಗೇ ತಾನೆ? ನಿನ್ನ ಕಾಗದ ಬಂದ ಮಾರನೆಯ ಬೆಳಿಗ್ಗೆಯೇ ಅವರಿಗೆ ಓದಿ ಹೇಳಿದೆ. ನಡೆದದ್ದನ್ನು ಹಾಗೇ ಬರೆಯುತ್ತೇನೆ.

ಅವರು ಕೆಲಸದ ಕರೆ ಬಂದರೆ ಹೊರಡಲು ತಯಾರಾಗಿ ಬೂಟಿಗೆ ಪಾಲಿಶ್ ಮಾಡುತ್ತಿದ್ದರು. ಅತ್ತೆ ಪಕ್ಕದಲ್ಲಿ ಕೂತಿದ್ದರು.

“ಏನದು ಕೈಯಲ್ಲಿ?”

“ಪೆಡಲ್ ಮಾಡೋ ಹುಡುಗನ ಕಾಗದ.”

“ನಿನಗ್ಯಾಕೆ ಬರೀತಾನೆ ಅವನು?”

“ನಾನು ಬರೆದೆ, ಅದಕ್ಕೆ ಬರೆದ.”

“ನನ್ನ ಬೆನ್ನ ಹಿಂದೆ?”

“ನೀವು ಬಾಗಿಲು ಹಾಕ್ಕೊಂಡ್ರಿ, ನಾನು ಬೆನ್ನ ಹಿಂದೆ ಹೋದೆ. ಈಗ ಇಬ್ಬರೂ ಎದುರಿಗೆ ಬರೋಣ. ಸ್ವಲ್ಪ ಕೇಳಿ.”

ಓದಿದೆ. ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ತಡವರಿಸಿ ಓದಿದೆ. ಮುಗಿಯುವಷ್ಟರಲ್ಲಿ ಅವರ ಮುಖ ಕೆಂಪಾಗಿತ್ತು.

“ಅವನಿಗೇನು ಗೊತ್ತು? ಪುಸ್ತಕ ನೋಡಿ ಹೆಲಿಕಾಪ್ಟರ್ ಮಾಡೋನು.”

“ಅವನಿಗೆ ಗೊತ್ತಿಲ್ಲ ಅಂತಾನೇ ಇಟ್ಕೊಳ್ಳಿ. ಆ ಇನ್ನಿಬ್ಬರು ಪೈಲಟ್‌ಗಳಿಗೂ ಗೊತ್ತಿಲ್ವಾ?”

ಅವರು ಬ್ರಶ್ಶನ್ನು ಬೂಟಿನೊಳಗೇ ಇಟ್ಟು ಹೇಳಿದರು, “ನಾನು ಅದನ್ನ ತರಿಸಿದ್ದೇ ಕಾಲು ನೋಡ್ಕೊಳ್ಳೋಕೆ ಕಣೇ. ಕೆಲಸದಲ್ಲಿ ಮೂಗು ತಿರುಗ್ತಿತ್ತು. ಗಾಳೀನೋ, ಯಂತ್ರಾನೋ, ನನ್ನ ಕಾಲೋ ಗೊತ್ತಾಗ್ತಿರಲಿಲ್ಲ. ಡಾಕ್ಟರ ಹತ್ರ ಹೋದ್ರೆ ಆವತ್ತೇ ಹಾರಾಟ ಬಿಡಿಸ್ತಾರೆ. ಮನೇಲೇ ನೋಡೋಣ ಅಂತ ತರಿಸಿದೆ. ಇಲ್ಲೂ ತಿರುಗಿತು. ಅವನ ಕೆಲಸ ಸರಿಯಿಲ್ಲ ಅಂದ್ಕೊಂಡೆ. ಅವನು ತಿದ್ದಿದ, ನೆಟ್ಟಗೆ ನಿಂತಿತು. ನನ್ನ ಕಾಲು ಸರಿಯಿದೆ ಅಂತ...”

ಅನುಮಾನ ಹೋಯಿತು ಎಂದದ್ದು ಅದು, ತಮ್ಮಾ. ಅವರು ತಮ್ಮನ್ನೇ ಪರೀಕ್ಷೆಗೆ ಕೂರಿಸಿಕೊಂಡರು, ನೀನು ಮರ್ಯಾದೆ ಕೊಟ್ಟು ಪ್ರಶ್ನೆಪತ್ರಿಕೆ ಬದಲಾಯಿಸಿಬಿಟ್ಟೆ. ಆ ಅಂಕ ನಂಬಿಕೊಂಡು ಅವರು ಹೆರಿಗೆ ಹೆಂಗಸರನ್ನು ಕೂರಿಸಿಕೊಂಡು ಹಾರಿದರು.

“ಎರಡನೇದು ಹಾಕಿ, ನಾನೂ ನೋಡ್ತೀನಿ” ಎಂದೆ. ಹಿಂದಿನ ಕೋಣೆಗೆ ಹೋದೆವು. ಬಾಗಿಲು ಹಾಕಲಿಲ್ಲ. ಹಿಡಿಕೆ ಎತ್ತಿದರು. ಪರದೆಯ ಮೇಲಿನ ಕಟ್ಟಡಗಳು ಎಡಕ್ಕೆ ಓಡತೊಡಗಿದವು, ಓಡುತ್ತಲೇ ಇದ್ದವು. ಮತ್ತೆ ಮಾಡಿದರು. ಮತ್ತೆ. ಅತ್ತೆ ಬಾಗಿಲಲ್ಲಿ ನಿಂತು, “ಏನೋ ಅದು, ಬುಗುರಿ ಆಡಿಸ್ತಿದ್ದೀಯಾ?” ಎಂದರು. ಯಾರೂ ನಗಲಿಲ್ಲ.

ಅವರು ಎಡಗಾಲಿನ ಕಾಲುಚೀಲ ತೆಗೆದು, “ಹೆಬ್ಬೆರಳ ಮೇಲೆ ಉಗುರಿಂದ ಒತ್ತು” ಎಂದರು. ಒತ್ತಿದೆ.

“ಒತ್ತು ಅಂದ್ನಲ್ಲ.”

“ಒತ್ತುತ್ತಾ ಇದ್ದೀನಿ.”

ಬಗ್ಗಿ ನೋಡಿದರು. ನನ್ನ ಉಗುರಿನ ಗುರುತು ಬಿದ್ದಿತ್ತು.

ಆಗಲೇ ಫೋನು ಬಂದದ್ದು. ಎಲ್ಲೋ ದೂರದಲ್ಲಿ ಕಟ್ಟಡ ಕೆಲಸದವನೊಬ್ಬ ಸಾರುವೆಯಿಂದ ಬಿದ್ದಿದ್ದ. ಅವರು ನನ್ನ ಮುಖ ನೋಡಿದರು. ನಾನು ತುಟಿ ಬಿಚ್ಚಲಿಲ್ಲ. ನಾನೇನಾದರೂ ಹೇಳಿದ್ದರೆ ಆ ಹಟಕ್ಕಾದರೂ ಹೊರಟುಬಿಡುತ್ತಿದ್ದರು, ನನಗೆ ಗೊತ್ತು. “ನನ್ನ ಎಡಗಾಲು ಸರಿಯಿಲ್ಲ, ನಾನು ಹಾರಿಸೋ ಹಾಗಿಲ್ಲ” ಎಂದರು. ಆ ಕಡೆಯವರು, “ಬೇರೆ ಯಾರೂ ಇಲ್ಲ ಸಾರ್, ಇದೊಂದು ಸಲ ಹೇಗಾದ್ರೂ” ಎನ್ನುವುದು ನನಗೂ ಕೇಳಿಸಿತು. “ಇದೊಂದು ಸಲಾನೂ ಇಲ್ಲ. ಅವನನ್ನ ರಸ್ತೇಲಿ ಕರ್ಕೊಂಡು ಬನ್ನಿ. ಈಗ್ಲೇ ಹೊರಡಿ, ನನ್ನ ಹತ್ರ ಮಾತಾಡ್ತಾ ನಿಲ್ಬೇಡಿ” ಎಂದು ಇಟ್ಟರು.

ಆಮೇಲೆ ಗೋಡೆ ಕಡೆ ತಿರುಗಿ ಕೂತರು. ನಾನು ದೇವರ ಮುಂದೆ ಹೋಗಿ ಕೂತೆ. ಹೆಸರು ಗೊತ್ತಿಲ್ಲದವನಿಗಾಗಿ ಬೇಡಿಕೊಳ್ಳುವುದು ಕಷ್ಟ. ಬಿದ್ದವನನ್ನು ಕಾಪಾಡು, ಎಂದಷ್ಟೇ ಹೇಳುತ್ತಾ ಇದ್ದೆ.

ಅಕ್ಕ


ಮೇ 24

ಅಕ್ಕಾ,

ನಿಮ್ಮ ಕಾಗದ ಚಿಕ್ಕಮ್ಮನಿಗೂ ಓದಿ ಹೇಳಿದೆ. ಅವಳು ಅಚ್ಚು ಹಾಕಿಸಿದ ಪೆಟ್ಟಿಗೆಗಳನ್ನೆಲ್ಲ ತಂದು ನನ್ನ ಮುಂದೆ ಸುರಿದಳು.

ಪೆಟ್ಟಿಗೆಯ ಮೇಲಿನ ಸಾಲನ್ನು ಕಪ್ಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದೇನೆ. ಮೆತ್ತಗಿನದನ್ನು ಅಳಿಸಿದ್ದೇನೆ, ಈಗ ಎಲ್ಲರಿಗೂ ಹೋಗುವುದು ಹಳೆಯದೇ. ದೂರು ಕೊಟ್ಟ ಇಬ್ಬರಿಗೂ ನನ್ನ ತಪ್ಪು ಎಂದು ಬರೆದೆ.

ಆ ಮನುಷ್ಯ ಬದುಕಿದನೇ? ಕೇಳಲು ಧೈರ್ಯವಿಲ್ಲ, ಕೇಳದೆ ಇರಲೂ ಆಗುತ್ತಿಲ್ಲ.

ತಮ್ಮ


ಜೂನ್ 18

ತಮ್ಮಾ,

ಬದುಕಿದ್ದಾನೆ. ಒಂದು ಕೈ ಹೋಯಿತು. ಬೇಗ ಬಂದಿದ್ದರೆ ಉಳಿಯುತ್ತಿತ್ತೇನೋ ಎಂದು ಆಸ್ಪತ್ರೆಯಲ್ಲಿ ಆಡಿಕೊಂಡರಂತೆ. ನರ್ಸು ಯೂನಿಫಾರಂ ಒಯ್ಯಲು ಬಂದಾಗ ಹೇಳಿದಳು, ಈ ಸಲ ನಗಲಿಲ್ಲ. ಹೆಲಿಕಾಪ್ಟರ್ ಹೋಗಿದ್ದರೆ ಅವನ ಕೈ ಉಳಿಯುತ್ತಿತ್ತೋ, ಇಳಿಯುವಾಗ ತಿರುಗಿ ಅವನೂ ಈ ನರ್ಸೂ ನಮ್ಮವರೂ ಎಲ್ಲರೂ ಹೋಗುತ್ತಿದ್ದರೋ, ನಾನು ಹೇಗೆ ಹೇಳಲಿ? ಈ ಒಂದು ಪ್ರಶ್ನೆಯನ್ನು ನಾನು ದೇವರಿಗೂ ಕೇಳಿಲ್ಲ. ಏನು ಉತ್ತರ ಬಂದರೂ ನನಗೆ ಹೊರಲು ಆಗುವುದಿಲ್ಲ.

ಯಜಮಾನರು ಆ ಕೆಲಸದವನನ್ನು ನೋಡಿ ಬಂದರು. ಏನು ಮಾತಾಡಿದಿರಿ ಎಂದೆ. “ಏನೂ ಇಲ್ಲ. ಸ್ವಲ್ಪ ಹೊತ್ತು ಕೂತಿದ್ದೆ” ಎಂದರು.

ಡಾಕ್ಟರು ಫಿಲಂ ತೆಗೆದು ನೋಡಿದರು. ಸೊಂಟದ ಹತ್ತಿರ ಬೆನ್ನೆಲುಬಿನ ನಡುವಿನ ಮೆತ್ತೆ ಜಾರಿ ಕಾಲಿನ ನರವನ್ನು ಒತ್ತಿದೆಯಂತೆ. ನೋವು ತಾನಾಗಿ ಹೋದದ್ದಲ್ಲ, ನರ ಮರಗಟ್ಟಿದ್ದಕ್ಕೆ ಹೋದದ್ದು. ಆಪರೇಷನ್ ಆಯಿತು. ಜೋಮು ಪೂರ್ತಿ ಬಿಡಬಹುದು, ಬಿಡದೆಯೂ ಇರಬಹುದು, ಇನ್ನೂ ತಡ ಮಾಡಿದ್ದರೆ ಆಸೆಯೇ ಇರಲಿಲ್ಲ ಎಂದರು. ಹಾರಿಸುವ ಲೈಸೆನ್ಸನ್ನು ಸದ್ಯಕ್ಕೆ ಕಿತ್ತುಕೊಂಡಿದ್ದಾರೆ.

ನನ್ನ ಹತ್ತಿರ ಮಾತು ಕಡಿಮೆ. ನೀರು ಕೊಡು, ದಿಂಬು ಸರಿಸು, ಅಷ್ಟೇ. ಬೆನ್ನ ಹಿಂದೆ ಬರೆದೆ ಎನ್ನುವ ಸಿಟ್ಟು ಇದೆ. ಇರಲಿ. ಸಿಟ್ಟು ಮಾಡಿಕೊಳ್ಳಲು ಮನುಷ್ಯ ಮನೆಯಲ್ಲಿ ಇದ್ದಾನಲ್ಲ. ಅತ್ತೆ ಮಾತ್ರ, “ಇವನ ಮಾತು ಕಡಿಮೆ ಆದ್ಮೇಲೆ ನನಗೆ ಕಿವಿ ಚೆನ್ನಾಗಿ ಕೇಳ್ಸುತ್ತೆ” ಎನ್ನುತ್ತಾರೆ.

ಅಕ್ಕ


ಅಕ್ಟೋಬರ್ 9

ತಮ್ಮಾ,

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಆಮೇಲೆ. ಮೊದಲು ಒಂದು ಮಾತಿಗೆ ಉತ್ತರ ಬೇಕು.

ಮೊನ್ನೆ ಭಾನುವಾರ ಅವರು ಹಿಂದಿನ ಕೋಣೆಯಿಂದ ನನ್ನನ್ನು ಕರೆದರು. ತಾವಾಗಿ ಕರೆದದ್ದು ಅದೇ ಮೊದಲು. “ಬಾ ಇಲ್ಲಿ, ನೋಡು” ಎಂದರು. ಹಿಡಿಕೆ ಎತ್ತಿದರು. ಹೆಲಿಕಾಪ್ಟರ್ ಎದ್ದಿತು. ಎದುರಿನ ಕಟ್ಟಡ ಎದುರಿಗೇ ಇತ್ತು, ಮೂಗು ಕೂದಲೆಳೆಯಷ್ಟೂ ತಿರುಗಲಿಲ್ಲ. ಇಳಿಸಿದರು, ಮತ್ತೆ ಎತ್ತಿದರು. ಹಾಗೇ ನಿಂತಿತು. ಅವರು ಹಿಂದೆ ತಿರುಗಿ ನನ್ನ ಮುಖ ನೋಡಿದರು. ನಾನು ನಗಬೇಕಿತ್ತು. ನನಗೆ ನಗು ಬರಲಿಲ್ಲ, ನೀನು ನೆನಪಿಗೆ ಬಂದೆ.

“ಏನೇ, ಖುಷಿ ಆಗಲಿಲ್ವಾ?” ಎಂದರು. ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಬಂದುಬಿಟ್ಟೆ.

ನೀನು ಕೆಟ್ಟವನಲ್ಲ, ಅದೇ ನನ್ನ ಭಯ. ಅವರು ನಿನಗೆ ಫೋನ್ ಮಾಡಿದ್ದರು ಎಂದು ಗೊತ್ತು. ಪಾಪ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾರೆ, ಮನಸ್ಸಿಗೆ ಸ್ವಲ್ಪ ಸಮಾಧಾನವಾಗಲಿ ಎಂದು ಏನಾದರೂ ತಿದ್ದಿದೆಯಾ? ಅಳಿಸಿದ್ದೇನೆ ಎಂದೆಯಲ್ಲ, ಅದನ್ನು ಮತ್ತೆ ತಂದು ಹಾಕಿದೆಯಾ? ಈ ತಿಂಗಳ ಕೊನೆಗೆ ಅವರು ಡಾಕ್ಟರುಗಳ ಮುಂದೆ ಹೋಗುತ್ತಾರೆ. ಪಾಸಾದರೆ ಮತ್ತೆ ಜನರನ್ನು ಕೂರಿಸಿಕೊಂಡು ಹಾರುತ್ತಾರೆ. ಸುಳ್ಳು ಧೈರ್ಯ ಇಟ್ಟುಕೊಂಡು ಅವರು ಅಲ್ಲಿಗೆ ಹೋಗುವುದು ಬೇಡ. ಬೇಸರವಾದರೂ ನಿಜ ಬರೆ. ದೇವರಾಣೆ ಹಾಕುವುದಿಲ್ಲ. ಆಣೆ ಹಾಕಿಸಿ ಹೇಳಿಸಿದ ನಿಜ ನನಗೆ ಬೇಡ.

ಅಕ್ಕ


ಅಕ್ಟೋಬರ್ 17

ಅಕ್ಕಾ,

ಮುಟ್ಟಿಲ್ಲ.

ಆಗಸ್ಟಿನಲ್ಲಿ ಅವರು ಫೋನ್ ಮಾಡಿದ್ದರು. “ತುಂಬ ಕಷ್ಟ ಆಗ್ತಿದೆಯಪ್ಪಾ, ಕಾಲಿಗೆ ಅಭ್ಯಾಸ ಆಗೋವರೆಗೆ ಒಂಚೂರು ಮೆತ್ತಗೆ ಮಾಡು, ಆಮೇಲೆ ಮೊದಲಿನ ಹಾಗೆ ಮಾಡುವೆಯಂತೆ” ಎಂದರು. ಮಾಡುವುದು ಎಷ್ಟು ಹೊತ್ತಿನ ಕೆಲಸ? ಕೂತ ಜಾಗದಲ್ಲೇ ಆಗುತ್ತಿತ್ತು.

“ಆಗಲ್ಲ ಸಾರ್” ಎಂದೆ.

“ಆಗಲ್ಲ ಅಂದ್ರೆ? ನಾನು ಹೇಳ್ತಿದ್ದೀನಿ.”

“ನೀವು ಹೇಳಿದ್ರೂ ಆಗಲ್ಲ ಸಾರ್.”

“ಹಾರಾಟ ಅಂದ್ರೆ ಏನು ಅಂತ ಗೊತ್ತೇನೋ ನಿನಗೆ? ಒಂದು ದಿನ ಆದ್ರೂ ನಿಜವಾದ ಸೀಟಲ್ಲಿ ಕೂತಿದ್ದೀಯಾ?”

ಇಲ್ಲ ಎಂದೆ. ಇನ್ನೂ ಏನೇನೋ ಬೈದರು, ಇಲ್ಲಿ ಬರೆಯುವ ಹಾಗಿಲ್ಲ. ಕೊನೆಗೆ ಫೋನ್ ಕುಕ್ಕಿದರು. ಮತ್ತೆ ಮಾಡಿಲ್ಲ. ನನ್ನ ಗುರುಗಳು ನನ್ನ ಹತ್ತಿರ ಮಾತು ಬಿಟ್ಟು ಎರಡು ತಿಂಗಳಾಯಿತು.

ನೀವು ನೋಡಿದ್ದು ಅವರ ಕಾಲು, ಅಕ್ಕಾ.

ತಮ್ಮ